ಐದು ಡಾಲರಿನ ಬಾಗಿಲು

1980ರ ಬೇಸಿಗೆ. ವಾಷಿಂಗ್ಟನ್ ನಗರದ ನಾಲ್ಕಾರು ಹುಡುಗರು ಗ್ರೇಹೌಂಡ್ ಬಸ್ಸು ಹತ್ತಿ ದೇಶದ ಈ ತುದಿಯಿಂದ ಆ ತುದಿಗೆ, ಕ್ಯಾಲಿಫೋರ್ನಿಯಾಕ್ಕೆ ಹೊರಟರು. ‘ಟೀನ್ ಐಡಲ್ಸ್’ ಎಂಬ ಅವರ ಪಂಕ್ ತಂಡಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಮಾಬುಹೇ ಗಾರ್ಡನ್ಸ್ ಕ್ಲಬ್ಬಿನಲ್ಲಿ ಹಾಡುವ ಅವಕಾಶ ಸಿಕ್ಕಿತ್ತು. ಅಲ್ಲಿಗೆ ಹೋದರೆ ಬೇರೆಯೇ ತಾಪತ್ರಯ. ಕ್ಲಬ್ಬಿನ ಹೊಟ್ಟೆ ತುಂಬುವುದು ಮದ್ಯದ ವ್ಯಾಪಾರದಿಂದ, ಹುಡುಗರಿಗೋ ಕುಡಿಯುವ ವಯಸ್ಸೇ ಆಗಿಲ್ಲ. ಕೊನೆಗೆ ಕ್ಲಬ್ಬಿನವರು ಕಪ್ಪು ಮಾರ್ಕರ್ ತೆಗೆದುಕೊಂಡು ಪ್ರತಿಯೊಬ್ಬನ ಕೈಯ ಹಿಂಬದಿಗೆ ದೊಡ್ಡದಾಗಿ ಒಂದು ‘ಎಕ್ಸ್’ ಗೀಚಿದರು. ಈ ಗುರುತು ಇದ್ದವರಿಗೆ ಗ್ಲಾಸು ಕೊಡಬೇಡಿ ಎಂದು ಬಾರಿನವರಿಗೆ ತಿಳಿಯಬೇಕಲ್ಲ.

ಹುಡುಗರು ಆ ಎಕ್ಸನ್ನು ಊರಿಗೆ ಹೊತ್ತು ತಂದರು. ವಾಷಿಂಗ್ಟನ್ನಿನಲ್ಲಿ ಆಗಷ್ಟೇ ಬಾಗಿಲು ತೆರೆದಿದ್ದ ‘ನೈನ್ ಥರ್ಟಿ ಕ್ಲಬ್’ನವರ ಮುಂದೆ ಅದೇ ಉಪಾಯ ಇಟ್ಟರು: ಗುರುತು ಹಾಕಿ ಒಳಗೆ ಬಿಡಿ, ನಮ್ಮಲ್ಲಿ ಯಾರಾದರೂ ಕುಡಿಯುವುದು ಕಂಡರೆ ಆಮೇಲೆ ಎಲ್ಲರನ್ನೂ ಹೊರಗೆ ಹಾಕಿ. ಕ್ಲಬ್ಬು ಒಪ್ಪಿತು. ಹದಿನಾಲ್ಕು ಹದಿನೈದರ ಮಕ್ಕಳಿಗೆ ರಾಕ್ ಸಂಗೀತವನ್ನು ಎದುರಿಗೆ ನಿಂತು ಕೇಳುವ ಹಾದಿ ಹೀಗೆ ತೆರೆಯಿತು. ಅವಮಾನದ ಮುದ್ರೆಯಂತಿದ್ದ ಎಕ್ಸು ಕೆಲವೇ ತಿಂಗಳಲ್ಲಿ ಹೆಮ್ಮೆಯ ಗುರುತಾಯಿತು. ಟೀನ್ ಐಡಲ್ಸ್ ತಂಡದ ಮೊದಲ ರೆಕಾರ್ಡಿನ ಮುಖಪುಟದಲ್ಲಿರುವುದೂ ಎಕ್ಸ್ ಬರೆದುಕೊಂಡ ಎರಡು ಕೈಗಳೇ.

ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದೆ ಬೆಳೆದ ಸಂಗೀತವನ್ನು ಇಂಡಿಪೆಂಡೆಂಟ್, ಚುಟುಕಾಗಿ ಇಂಡಿ ರಾಕ್ ಎನ್ನುತ್ತಾರೆ. ಅದರ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಆಲ್ಬಂಗಳ ಪಟ್ಟಿ ಹಿಡಿದು ಕೂರುತ್ತಾರೆ. ವಾಷಿಂಗ್ಟನ್ನಿನ ಮಟ್ಟಿಗೆ ಆ ಕಥೆಯನ್ನು ಬಾಗಿಲಿನಿಂದಲೇ ಶುರುಮಾಡಬೇಕು. ಯಾರನ್ನು ಒಳಗೆ ಬಿಡಬೇಕು, ಎಷ್ಟು ದುಡ್ಡು ಕೇಳಬೇಕು, ಒಳಗೆ ಬಂದವರು ಒಬ್ಬರಿಗೊಬ್ಬರು ಹೇಗಿರಬೇಕು ಎಂಬ ಮೂರು ಪ್ರಶ್ನೆಗಳ ಬಗ್ಗೆ ಈ ಊರಿನ ಹುಡುಗರು ತಲೆ ಕೆಡಿಸಿಕೊಂಡಷ್ಟು ಬೇರೆ ಯಾರೂ ಕೆಡಿಸಿಕೊಂಡಿರಲಾರರು.

ಟೀನ್ ಐಡಲ್ಸ್ ಕಛೇರಿಗಳಿಂದ ಬಂದ ಪುಡಿಗಾಸನ್ನೆಲ್ಲ ಒಂದು ಸಿಗಾರ್ ಡಬ್ಬಿಗೆ ಹಾಕಿಡುತ್ತಿತ್ತು. ತಂಡ ಮುರಿದುಬಿದ್ದಾಗ ಆ ಹಣವನ್ನು ಹಂಚಿಕೊಳ್ಳುವ ಬದಲು ಸಾವಿರ ರೆಕಾರ್ಡು ಅಚ್ಚು ಹಾಕಿಸಿದರು. ರಟ್ಟಿನ ಹೊದಿಕೆಗಳನ್ನು ಕತ್ತರಿಸಿ, ಮಡಚಿ, ಗೋಂದು ಹಚ್ಚಿ ಅಂಟಿಸಿದ್ದು ಹುಡುಗರು ಮತ್ತು ಅವರ ಗೆಳೆಯರು. ‘ಡಿಸ್ಕಾರ್ಡ್ ರೆಕಾರ್ಡ್ಸ್’ ಹುಟ್ಟಿದ್ದು ಹೀಗೆ. ತಂಡದಲ್ಲಿದ್ದ ಇಯಾನ್ ಮೆಕ್ಕೈ ಮತ್ತು ಜೆಫ್ ನೆಲ್ಸನ್ ಸೇರಿ ಕಟ್ಟಿದ ಈ ಸಂಸ್ಥೆ ಇಂದಿಗೂ ತನ್ನ ಊರಿನ ತಂಡಗಳನ್ನಷ್ಟೇ ಪ್ರಕಟಿಸುತ್ತ ಬಂದಿದೆ.

ನೈನ್ ಥರ್ಟಿ ಕ್ಲಬ್ಬಿಗೆ ಆ ಹೆಸರು ಬಂದದ್ದು ವಿಳಾಸದಿಂದ: 930, ಎಫ್ ಸ್ಟ್ರೀಟ್. 1888ರ ಕಾಲದ ಅಟ್ಲಾಂಟಿಕ್ ಬಿಲ್ಡಿಂಗಿನ ನೆಲಮಹಡಿಯಲ್ಲಿ 1980ರ ಮೇ 31ರಂದು ಅದು ಶುರುವಾಯಿತು. ಅಬ್ರಹಾಂ ಲಿಂಕನ್ನರಿಗೆ ಗುಂಡು ಬಿದ್ದ ಫೋರ್ಡ್ಸ್ ಥಿಯೇಟರ್ ಅಲ್ಲಿಂದ ಕೂಗಳತೆಯಲ್ಲಿದೆ. ರಸ್ತೆಯಿಂದ ಒಳಗೆ ಹೋಗಲು ಉದ್ದನೆಯ ಇಕ್ಕಟ್ಟಾದ ಓಣಿ. ಓಣಿ ಮುಗಿದರೆ 199 ಜನ ಹಿಡಿಯುವ ಕತ್ತಲೆ ಕೋಣೆ. ಕೋಣೆಯಲ್ಲಿ ಕಣ್ಣಿಗೆ ಅಡ್ಡ ಬರುವ ಕಂಬ. ಅಲ್ಲಿನ ಇಲಿಗಳೂ ವಾಸನೆಯೂ ಕ್ಲಬ್ಬಿನಷ್ಟೇ ಹೆಸರುವಾಸಿ. ಆ ದಿನಗಳ ಯಾವ ಕೇಳುಗನನ್ನು ಕೇಳಿದರೂ ಮೊದಲು ವಾಸನೆಯ ಸುದ್ದಿ, ಆಮೇಲೆ ಸಂಗೀತದ ಸುದ್ದಿ. ಆದರೂ ಅದೇ ಕೋಣೆಯಲ್ಲಿ ವೇದಿಕೆಗೂ ಕೇಳುಗನಿಗೂ ನಡುವೆ ಒಂದು ತೋಳಿನಳತೆ ಅಂತರವೂ ಇರಲಿಲ್ಲ. ಹಾಡುಗಾರನ ಬೆವರು ಮುಂದಿನ ಸಾಲಿನ ಮೇಲೆ ಬೀಳುತ್ತಿತ್ತು. ನಾಳೆ ತಾನೂ ಗಿಟಾರು ಹಿಡಿದು ಅಲ್ಲಿ ನಿಲ್ಲಬಹುದು ಎಂದು ಮುಂದಿನ ಸಾಲಿನ ಹುಡುಗನಿಗೆ ಅನ್ನಿಸಲು ಅಷ್ಟು ಹತ್ತಿರ ಬೇಕಾಗುತ್ತದೆ.

ಹಾಗೆ ಅನ್ನಿಸಿದವರು ಸೇರಿಯೇ ‘ಫ್ಯೂಗಾಜಿ’ಯಾಯಿತು. ಮೆಕ್ಕೈ, ಗೀ ಪಿಚೊಟೊ, ಜೋ ಲಾಲಿ, ಬ್ರೆಂಡನ್ ಕ್ಯಾಂಟಿ. ಹಿಂದಿನ ‘ಮೈನರ್ ಥ್ರೆಟ್’ ಮೊದಲಾದ ತಂಡಗಳ ವೇಗ ಮತ್ತು ಸಿಟ್ಟಿಗೆ ಫ್ಯೂಗಾಜಿ ರೆಗ್ಗೆಯ ತೂಗಾಟ, ದಿಢೀರ್ ಮೌನ, ಗಿಟಾರುಗಳ ಸವಾಲು-ಜವಾಬು ಸೇರಿಸಿತು. 1987ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ನಿನ ವಿಲ್ಸನ್ ಸೆಂಟರಿನಲ್ಲಿ ಮೊದಲ ಕಛೇರಿ. ಅಂದಿನಿಂದ ಮುಂದಿನ ಹದಿನೈದು ವರ್ಷ, ಸಾವಿರಕ್ಕೂ ಹೆಚ್ಚು ಕಛೇರಿಗಳು, ಅಮೆರಿಕದ ಐವತ್ತೂ ರಾಜ್ಯಗಳು. ಷರತ್ತು ಎರಡೇ: ಎಲ್ಲ ವಯಸ್ಸಿನವರಿಗೂ ಪ್ರವೇಶ ಇರಬೇಕು, ಟಿಕೆಟ್ಟು ಸಾಧ್ಯವಾದಷ್ಟೂ ಐದು ಡಾಲರ್ ದಾಟಬಾರದು.

ಐದು ಡಾಲರಿಗೆ ಸಾವಿರಾರು ಮೈಲಿ ತಿರುಗಿ ಹಾಡುವುದು ಹೇಗೆ ಸಾಧ್ಯ? ಇದರಲ್ಲಿ ಯಾವ ಮಾಯವೂ ಇಲ್ಲ, ಖರ್ಚನ್ನು ಕತ್ತರಿಸಿದ ಲೆಕ್ಕ ಮಾತ್ರ. ತಂಡಕ್ಕೆ ಮ್ಯಾನೇಜರ್ ಇರಲಿಲ್ಲ, ಬುಕಿಂಗ್ ಏಜೆಂಟ್ ಇರಲಿಲ್ಲ. ಊರೂರಿಗೆ ಫೋನು ಮಾಡಿ ಕಛೇರಿ ಗೊತ್ತುಮಾಡುತ್ತಿದ್ದವನು ಮೆಕ್ಕೈ. ವ್ಯಾನು ಓಡಿಸುವವರು ತಂಡದವರು, ಆಂಪ್ಲಿಫೈಯರು ಹೊರುವವರೂ ಅವರೇ, ರಾತ್ರಿ ಮಲಗುವುದು ಯಾರಾದರೂ ಪರಿಚಯದವರ ಮನೆಯ ನೆಲದ ಮೇಲೆ. ಹೆಸರು ಅಚ್ಚಾದ ಟೀ ಶರ್ಟಿನ ಅಂಗಡಿ ಇಡಲಿಲ್ಲ. ಬಾರುಗಳ ಬದಲು ಚರ್ಚಿನ ನೆಲಮಾಳಿಗೆ, ಕಾಲೇಜಿನ ಜಿಮ್ಮು, ನಿವೃತ್ತ ಸೈನಿಕರ ಸಂಘದ ಹಾಲ್ ಹುಡುಕಿದರು. ಮದ್ಯ ಮಾರಿ ಬದುಕಬೇಕಾದ ಜಾಗವಲ್ಲದಿದ್ದರೆ ಹದಿನೈದರ ಹುಡುಗಿಯನ್ನು ಹೊರಗೆ ನಿಲ್ಲಿಸುವ ಕಾರಣವೂ ಇರುವುದಿಲ್ಲ ನೋಡಿ.

ತವರೂರಿನಲ್ಲಂತೂ ಹೆಚ್ಚುಕಡಿಮೆ ಪ್ರತಿ ಕಛೇರಿಯೂ ಯಾವುದಾದರೊಂದು ಒಳ್ಳೆಯ ಕೆಲಸದ ಸಹಾಯಾರ್ಥ. ‘ಪಾಸಿಟಿವ್ ಫೋರ್ಸ್’ ಎಂಬ ಯುವಜನರ ಗುಂಪು 1985ರಿಂದ ಇಂಥ ಕಛೇರಿಗಳನ್ನು ಏರ್ಪಡಿಸುತ್ತಿತ್ತು. ಮನೆಯಿಲ್ಲದವರ ಆಸರೆಗೋ, ಉಚಿತ ಚಿಕಿತ್ಸಾಲಯಕ್ಕೋ ದುಡ್ಡು ಹೋಗುತ್ತಿತ್ತು. 1991ರ ಜನವರಿ 12ರಂದು, ಗಲ್ಫ್ ಯುದ್ಧ ಇನ್ನೇನು ಆರಂಭವಾಗಲಿದೆ ಎನ್ನುವಾಗ, ಶ್ವೇತಭವನದ ಎದುರಿನ ಲಫಾಯೆಟ್ ಪಾರ್ಕಿನ ಚಳಿಯಲ್ಲಿ ಫ್ಯೂಗಾಜಿ ಯುದ್ಧ ಬೇಡವೆಂದು ನುಡಿಸಿತು.

1993ರಲ್ಲಿ ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಬಾಲ್‌ರೂಮಿನ ಕಛೇರಿಗೆ ಅಟ್ಲಾಂಟಿಕ್ ರೆಕಾರ್ಡ್ಸ್ ಕಟ್ಟಿದ ಅಹ್ಮೆಟ್ ಎರ್ಟೆಗನ್ ಖುದ್ದಾಗಿ ಬಂದು ತಂಡವನ್ನು ತನ್ನ ಕಂಪನಿಗೆ ಕರೆದ. ರೇ ಚಾರ್ಲ್ಸ್‌ನಂಥವರ ರೆಕಾರ್ಡು ತಂದ ಹಿರಿಯ. ತಂಡ ಮರ್ಯಾದೆಯಿಂದ ಮಾತಾಡಿಸಿ ಕಳಿಸಿತು, ಡಿಸ್ಕಾರ್ಡಿನಲ್ಲೇ ಉಳಿಯಿತು.

ಇನ್ನು ಮೂರನೆಯ ಪ್ರಶ್ನೆ, ಒಳಗೆ ಬಂದವರು ಹೇಗಿರಬೇಕು ಎಂಬುದು. ಪಂಕ್ ಕಛೇರಿಗಳಲ್ಲಿ ಡಿಕ್ಕಿ ಹೊಡೆದುಕೊಂಡು ಕುಣಿಯುವುದು, ವೇದಿಕೆ ಹತ್ತಿ ಜನರ ತಲೆ ಮೇಲೆ ಹಾರುವುದು ರೂಢಿ. ಗಟ್ಟಿಮುಟ್ಟಾದ ನಾಲ್ಕು ಗಂಡುಹುಡುಗರು ಹೀಗೆ ಶುರುಮಾಡಿದರೆ ಹುಡುಗಿಯರು, ಚಿಕ್ಕವರು ಗೋಡೆಗೆ ಒರಗಬೇಕಾಗುತ್ತದೆ. ಟಿಕೆಟ್ಟು ಎಲ್ಲರದೂ ಐದೇ ಡಾಲರ್, ನೆಲ ಮಾತ್ರ ನಾಲ್ಕು ಜನರದು. ಫ್ಯೂಗಾಜಿ ಇದನ್ನು ಸಹಿಸಲಿಲ್ಲ. ಹಾಡನ್ನು ಅರ್ಧಕ್ಕೇ ನಿಲ್ಲಿಸಿ, ಹೊಡೆದಾಡುತ್ತಿದ್ದವನನ್ನು ವೇದಿಕೆಯಿಂದಲೇ ಗುರುತಿಸಿ, ಮೆಕ್ಕೈ ವಿನಯದಿಂದ ಮಾತಾಡಿಸುತ್ತಿದ್ದ. ಕೇಳದಿದ್ದರೆ ಅವನ ಐದು ಡಾಲರನ್ನು ಒಂದು ಲಕೋಟೆಯಲ್ಲಿ ಕೈಗಿಟ್ಟು ಹೊರಗೆ ಕಳಿಸುವುದು. ಅದಕ್ಕೆಂದೇ ಐದು ಡಾಲರ್ ನೋಟು ತುಂಬಿದ ಲಕೋಟೆಗಳು ವ್ಯಾನಿನಲ್ಲಿ ಸಿದ್ಧವಿರುತ್ತಿದ್ದವು. ಜೆಮ್ ಕೊಹೆನ್ ತೆಗೆದ ‘ಇನ್‌ಸ್ಟ್ರುಮೆಂಟ್’ ಎಂಬ 1999ರ ಸಾಕ್ಷ್ಯಚಿತ್ರದಲ್ಲಿ ಇಂಥದೊಂದು ಪ್ರಸಂಗವಿದೆ. ರೌಡಿಯಂತೆ ಮೆರೆಯುತ್ತಿದ್ದ ಒಬ್ಬನನ್ನು ಪಿಚೊಟೊ ವೇದಿಕೆ ಮೇಲಿಂದ ಮಾತಿಗೆಳೆದು, ನೀನು ಐಸ್‌ಕ್ರೀಮ್ ತಿನ್ನುತ್ತಿದ್ದುದನ್ನು ನಾನು ಕಂಡಿದ್ದೇನೆ ಎಂದು ನೆನಪಿಸುತ್ತಾನೆ. ಸಭೆಯೆಲ್ಲ ನಗುತ್ತದೆ. ಅದೇ ಚಿತ್ರದ ಇನ್ನೊಂದು ಕಡೆ ಪಿಚೊಟೊ ಜಿಮ್ಮಿನ ಬಾಸ್ಕೆಟ್‌ಬಾಲ್ ಬಳೆಯೊಳಗೆ ಕಾಲು ಸಿಕ್ಕಿಸಿ ತಲೆಕೆಳಗಾಗಿ ಜೋತಾಡುತ್ತ ಹಾಡುತ್ತಾನೆ. ಕುಣಿತವೇ ಬೇಡ ಎಂದವರಲ್ಲ ಇವರು. ಪಕ್ಕದವನ ಮೂಗು ಒಡೆಯಬೇಡ ಎಂದವರು.

ಇದು ಉಪದೇಶವಾಯಿತು, ರಾಕ್ ಸಂಗೀತಕ್ಕೆ ಇಷ್ಟು ಶಿಸ್ತು ಯಾಕೆ ಎಂದು ಆಗಲೂ ಗೊಣಗಿದವರಿದ್ದರು. ಆ ಗೊಣಗಾಟದಲ್ಲಿ ಹುರುಳಿಲ್ಲ. ಹಾಡುಗಳ ಪಟ್ಟಿಯನ್ನೂ ಬರೆದುಕೊಳ್ಳದೆ, ಯಾವ ಹಾಡಿನ ನಂತರ ಯಾವುದು ಎಂಬುದನ್ನು ವೇದಿಕೆಯಲ್ಲೇ ಕಣ್ಸನ್ನೆಯಲ್ಲಿ ತೀರ್ಮಾನಿಸುತ್ತಿದ್ದ ತಂಡವದು. ಅಂಥ ಸ್ವಾತಂತ್ರ್ಯಕ್ಕೆ ಎದುರಿಗೆ ನಿಂತವರು ನೆಮ್ಮದಿಯಾಗಿ ಕಿವಿಗೊಡುವುದು ಅಗತ್ಯವಾಗಿತ್ತು.

ಕಛೇರಿಯ ಸುದ್ದಿ ತಲುಪುತ್ತಿದ್ದುದು ಹೇಗೆ? ಮುಖ್ಯವಾಗಿ ಕರಪತ್ರ. ಜೆರಾಕ್ಸ್ ಅಂಗಡಿಯಲ್ಲಿ ತೆಗೆದ ಕಪ್ಪುಬಿಳುಪು ಹಾಳೆ. ಕತ್ತರಿಸಿ ಅಂಟಿಸಿದ ಚಿತ್ರ, ಕೈಬರಹದ ದಿನಾಂಕ, ಮೂಲೆಯಲ್ಲಿ ‘5 ಡಾಲರ್, ಆಲ್ ಏಜಸ್’. ದೀಪದ ಕಂಬಕ್ಕೆ, ರೆಕಾರ್ಡ್ ಅಂಗಡಿಯ ಗಾಜಿಗೆ, ಶಾಲೆಯ ಲಾಕರಿಗೆ ಅಂಟುತ್ತಿದ್ದ ಈ ಹಾಳೆಗಳನ್ನು ಹುಡುಗರು ಕಿತ್ತು ಮನೆಗೊಯ್ದು ಗೋಡೆಗೆ ಹಚ್ಚಿಕೊಳ್ಳುತ್ತಿದ್ದರು. ಇಂದಿನ ಮೇಳದ ಆಟ ಯಾವ ಊರಲ್ಲಿ ಎಂದು ಕರಪತ್ರ ನೋಡಿ ಹೊರಡುವ ಕರಾವಳಿಯ ಯಕ್ಷಗಾನಪ್ರಿಯರಿಗೆ ಈ ಆಸೆ ಗೊತ್ತು. ಟಿಕೆಟ್ಟಿನ ಡೇರೆ ಆಟಕ್ಕೂ ಗದ್ದೆಯ ಬಯಲಾಟಕ್ಕೂ ಸೇರುವ ಸಭೆ ಬೇರೆ ಬೇರೆ ಎಂಬುದೂ ಅವರಿಗೆ ಗೊತ್ತು.

ವಾಷಿಂಗ್ಟನ್ನಿಗೂ ಒಂದು ಬಯಲಾಟದ ಗದ್ದೆಯಿದೆ. ಹೆಸರು ಫೋರ್ಟ್ ರೀನೋ. ಅಂತರ್ಯುದ್ಧ ಕಾಲದ ಕೋಟೆಯಿದ್ದ, ನಗರದ ಅತಿ ಎತ್ತರದ ದಿಬ್ಬ, ಈಗ ಹುಲ್ಲುಗಾವಲು. 1968ರಿಂದ ಬೇಸಿಗೆಯ ಸಂಜೆಗಳಲ್ಲಿ ಇಲ್ಲಿ ಸ್ಥಳೀಯ ತಂಡಗಳು ಪುಕ್ಕಟೆಯಾಗಿ ನುಡಿಸುತ್ತವೆ. ಫ್ಯೂಗಾಜಿಯೂ ಬೇಸಿಗೆ ಬೇಸಿಗೆಗೆ ಇಲ್ಲಿ ಹಾಡಿದೆ. ಅಜ್ಜಂದಿರು ಮಡಚುವ ಕುರ್ಚಿ ತರುತ್ತಾರೆ, ಮಕ್ಕಳು ವೇದಿಕೆಯ ಹತ್ತಿರ ಸೈಕಲ್ ತುಳಿಯುತ್ತಾರೆ, ನಾಯಿಗಳು ಡ್ರಮ್ಮಿಗೆ ಕಿವಿ ನಿಮಿರಿಸುತ್ತವೆ. ಮದ್ಯಕ್ಕೆ ಪ್ರವೇಶವಿಲ್ಲ. 2014ರಲ್ಲಿ ಭದ್ರತೆಗೆ ಪೊಲೀಸರ ಖರ್ಚು ಯಾರು ಕೊಡಬೇಕೆಂಬ ತಕರಾರು ಎದ್ದು ಆ ವರ್ಷದ ಕಛೇರಿಗಳು ನಿಂತೇಹೋದವು ಎಂದಾಗಿತ್ತು. ಊರೇ ದನಿಯೆತ್ತಿತು, ಮಾತುಕತೆ ನಡೆಯಿತು, ಗಿಟಾರು ಮತ್ತೆ ದಿಬ್ಬ ಹತ್ತಿತು.

ನೈನ್ ಥರ್ಟಿ ಕ್ಲಬ್ ಹಳೆಯ ಕೋಣೆಯಲ್ಲಿ ಉಳಿಯಲಿಲ್ಲ. ಸೆತ್ ಹರ್ವಿಟ್ಜ್ ಮತ್ತು ರಿಚ್ ಹೈನೆಕಿ 1986ರಲ್ಲಿ ಅದನ್ನು ಕೊಂಡುಕೊಂಡರು. 1996ರ ಜನವರಿ 5ರಂದು ವಿ ಸ್ಟ್ರೀಟಿನ ಹಳೆಯ ರೇಡಿಯೋ ಹಾಲಿಗೆ ಸ್ಥಳಾಂತರಿಸಿದರು. ಮೊದಲ ರಾತ್ರಿ ಸ್ಮ್ಯಾಶಿಂಗ್ ಪಂಪ್ಕಿನ್ಸ್. ಈಗ 1,200 ಜನ ಹಿಡಿಯುತ್ತದೆ. ಹೊಸ ಮನೆಯ ಅತಿ ಚಂದದ ಯೋಚನೆ ಅದರ ವೇದಿಕೆ: ಇಡೀ ವೇದಿಕೆ ಚಕ್ರಗಳ ಮೇಲಿದೆ. ಜನ ಕಡಿಮೆಯಿದ್ದರೆ ಅದನ್ನು ಮುಂದಕ್ಕೆ ತಳ್ಳುತ್ತಾರೆ. ಐನೂರೇ ಜನ ಬಂದಿದ್ದರೂ ಹೊಸ ತಂಡದ ಕಣ್ಣಿಗೆ ತುಂಬಿದ ಸಭೆ ಕಾಣುತ್ತದೆ. ಖಾಲಿ ನೆಲ ನೋಡುತ್ತ ಹಾಡಿದವರಿಗಷ್ಟೇ ಆ ಚಕ್ರಗಳ ಬೆಲೆ ತಿಳಿದೀತು. 2023ರ ಮೇ 30ರಂದು ಪಕ್ಕದಲ್ಲೇ ‘ದಿ ಅಟ್ಲಾಂಟಿಸ್’ ತೆರೆಯಿತು. ಎಫ್ ಸ್ಟ್ರೀಟಿನ ಹಳೆಯ ಕೋಣೆಯನ್ನು ನೆನೆದು ಕಟ್ಟಿದ, 450 ಜನರ ಕ್ಲಬ್ಬು. ಉದ್ಘಾಟನೆಗೆ ಫೂ ಫೈಟರ್ಸ್. ಆ ತಂಡದ ನಾಯಕ ಡೇವ್ ಗ್ರೋಲ್ ಹುಡುಗನಾಗಿದ್ದಾಗ ವರ್ಜೀನಿಯಾದಿಂದ ಬಂದು ಹಳೆಯ ಕ್ಲಬ್ಬಿನಲ್ಲಿ ನಿಂತು ಕೇಳಿದವ. ಆರಂಭದ 44 ಕಛೇರಿಗಳಿಗೆ ಟಿಕೆಟ್ಟು 44 ಡಾಲರ್. ಐದಕ್ಕೂ 44ಕ್ಕೂ ನಡುವೆ ನಾಲ್ಕು ದಶಕದ ಬೆಲೆಯೇರಿಕೆ ಇದೆ, ನಿಜ. ಆದರೂ ದೊಡ್ಡ ಹೆಸರಿನ ತಂಡಗಳ ಟಿಕೆಟ್ಟು ನೂರಾರು ಡಾಲರ್ ಮುಟ್ಟಿರುವ ಕಾಲದಲ್ಲಿ, ಎಲ್ಲರಿಗೂ ಒಂದೇ ದರ ಎಂದು ಹೇಳಿದ್ದು ದೊಡ್ಡ ಮಾತು.

ಫ್ಯೂಗಾಜಿ ಕೊನೆಯ ಸಲ ನುಡಿಸಿದ್ದು 2002ರ ನವೆಂಬರಿನಲ್ಲಿ, ಲಂಡನ್ನಿನಲ್ಲಿ. ವಿರಾಮ ಎಂದರು, ಆ ವಿರಾಮ ಮುಗಿದಿಲ್ಲ. ಆದರೆ ತಂಡದ ಧ್ವನಿ ನೋಡಿಕೊಳ್ಳುತ್ತಿದ್ದವರು ವರ್ಷಗಟ್ಟಲೆ ಕಛೇರಿಗಳನ್ನು ಕ್ಯಾಸೆಟ್ಟಿಗೆ ತುಂಬಿಸುತ್ತಲೇ ಇದ್ದರು. 800ಕ್ಕೂ ಹೆಚ್ಚು ರಾತ್ರಿಗಳ ಧ್ವನಿ ಉಳಿದಿತ್ತು. 2011ರ ಡಿಸೆಂಬರಿನಿಂದ ಡಿಸ್ಕಾರ್ಡ್ ಅವನ್ನು ಕಂತು ಕಂತಾಗಿ ಹೊರತಂದಿತು. ಸೂಚಿಸಿದ ಬೆಲೆ ಐದು ಡಾಲರ್; ಕೈಲಾಗದವರು ಒಂದು ಕೊಡಬಹುದಿತ್ತು, ಮನಸ್ಸಿದ್ದವರು ನೂರು. ಪ್ರತಿ ಕಛೇರಿಗೂ ಊರು, ಜಾಗ, ಅಂದಿನ ಬಾಗಿಲ ದರ, ಸಿಕ್ಕಿದ್ದರೆ ಕರಪತ್ರದ ಚಿತ್ರ.

ಹಾಡುಗಳ ನಡುವಿನ ಮಾತುಗಳನ್ನು ಕತ್ತರಿಸಿಲ್ಲ. ತಂತಿ ಹರಿದು ಬದಲಿಸುವಾಗಿನ ಮೌನ, ಹಿಂದಿನಿಂದ ಯಾರೋ ಕೂಗಿದ ಹಾಡಿನ ಹೆಸರು, ಮೊದಲ ಸಾಲಿನ ಚಿಕ್ಕವರಿಗೆ ಉಸಿರಾಡಲು ಜಾಗವಿಲ್ಲ, ದಯವಿಟ್ಟು ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯಿರಿ ಎಂಬ ಕೋರಿಕೆ. ಆಮೇಲೆ ನೂರಾರು ಜೊತೆ ಬೂಟುಗಳು ಮರದ ನೆಲದ ಮೇಲೆ ಹಿಂದಕ್ಕೆ ಸರಿಯುವ ಗಲಗಲ, ಮತ್ತು ಡ್ರಮ್ಮಿನ ಕಡ್ಡಿಗಳು ನಾಲ್ಕು ಬಾರಿ ಒಂದಕ್ಕೊಂದು ತಾಕುವ ಸದ್ದು.