ಮಿನುಗುವ ಕೆಂಪು ದೀಪದ ಗುಟ್ಟು

ಪವರ್ ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಅದರ ತಾಳಕ್ಕೆ ತಕ್ಕಂತೆ ಟಿವಿ ಪರದೆಯೂ ಸುಮಾರು ಸೆಕೆಂಡಿಗೊಮ್ಮೆ ಮಿನುಗುತ್ತದೆ; ಆಟ ಮಾತ್ರ ಶುರುವಾಗುವುದಿಲ್ಲ. ನಿಂಟೆಂಡೊ ಕಂಪನಿ 1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಎನ್‌ಇಎಸ್ ಗೇಮ್ ಕನ್ಸೋಲ್‌ಗೆ ತೀರಾ ಸಾಮಾನ್ಯವಾದ ತೊಂದರೆ ಇದು. ನೋಡಿದವರು ಯಂತ್ರದ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಒಳಗಿನ ಮುಖ್ಯ ಚಿಪ್‌ಗಳು ಬಹುತೇಕ ಸುಸ್ಥಿತಿಯಲ್ಲೇ ಇರುತ್ತವೆ.

ಮಿನುಗಿಸುತ್ತಿರುವುದು ಒಂದು ಕಾವಲು ಚಿಪ್. ನಿಂಟೆಂಡೊದ ಅನುಮತಿಯಿಲ್ಲದ ಆಟಗಳು ಓಡಬಾರದೆಂದು ಕನ್ಸೋಲ್‌ನಲ್ಲೊಂದು, ಪ್ರತಿ ಕಾರ್ಟ್ರಿಜ್‌ನಲ್ಲೊಂದು ಪುಟ್ಟ ಚಿಪ್ ಇಡಲಾಗಿತ್ತು. ಎರಡೂ ಒಂದೇ ಲೆಕ್ಕ ಮಾಡುತ್ತಾ ಉತ್ತರಗಳನ್ನು ತಾಳೆ ನೋಡುತ್ತಿರುತ್ತವೆ. ತಾಳೆಯಾಗದಿದ್ದರೆ ಕನ್ಸೋಲ್‌ನ ಚಿಪ್ ಇಡೀ ಯಂತ್ರವನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತದೆ. ಪಿನ್ನಿಗೆ ಕೊಳೆ ಹಿಡಿದು ಸಂಕೇತ ತಲುಪದಿದ್ದರೂ ಅಷ್ಟೇ: ಅಸಲಿ ಕಾರ್ಟ್ರಿಜ್ ಕೂಡ ಅದಕ್ಕೆ ನಕಲಿ.

ಹಾಗಾದರೆ ಸಂಕೇತ ತಪ್ಪುವುದೆಲ್ಲಿ? 1983ರಲ್ಲಿ ಜಪಾನಿನಲ್ಲಿ ಬಂದ ಮೂಲ ಯಂತ್ರ ಫ್ಯಾಮಿಕಾಮ್‌ನಲ್ಲಿ ಕಾರ್ಟ್ರಿಜ್ ಅನ್ನು ಮೇಲಿನಿಂದ ನೇರ ಚುಚ್ಚಬೇಕಿತ್ತು. ಅದೇ ವರ್ಷ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದು ಅಂಗಡಿಯವರು ಗೇಮ್ ಅಂದರೆ ಹಿಂಜರಿಯುವಂತಾಗಿತ್ತು. ಅದಕ್ಕೇ ಎನ್‌ಇಎಸ್‌ಗೆ ವಿಸಿಆರ್‌ನ ರೂಪ ಕೊಟ್ಟರು: ಕಾರ್ಟ್ರಿಜ್ ಅನ್ನು ಮುಂದಿನಿಂದ ತೂರಿಸಿ ಕೆಳಕ್ಕೆ ಒತ್ತುವುದು. ಪ್ರತಿ ಒತ್ತಿಗೂ ಕನೆಕ್ಟರ್‌ನ 72 ಪಿನ್‌ಗಳು ಬಾಗುತ್ತವೆ. ವರ್ಷಗಳು ಉರುಳಿದಂತೆ ಅವುಗಳ ಬಿಗಿ ಕಡಿಮೆಯಾಗಿ, ಧೂಳು ಕೂತು, ಲೋಹಕ್ಕೆ ಲೋಹ ಸರಿಯಾಗಿ ತಾಗುವುದಿಲ್ಲ.

ಆಗ ಎಲ್ಲ ಮಕ್ಕಳೂ ಮಾಡುತ್ತಿದ್ದದ್ದು ಬಾಯಿಂದ ಊದುವುದು. ಅಮೆರಿಕದಲ್ಲೂ ಅದೇ, 1990ರ ದಶಕದಲ್ಲಿ ಫ್ಯಾಮಿಕಾಮ್‌ನ ಅಗ್ಗದ ನಕಲುಗಳಲ್ಲಿ ಮಾರಿಯೋ ಆಡಿದ ಕರ್ನಾಟಕದ ಮನೆಗಳಲ್ಲೂ ಅದೇ. ಊದಿದ ಮೇಲೆ ಆಟ ಬಂದರೆ ಅದಕ್ಕೆ ಮುಖ್ಯ ಕಾರಣ ಕಾರ್ಟ್ರಿಜ್ ತೆಗೆದು ಮತ್ತೆ ಹಾಕಿದ್ದು. ಆ ತಿಕ್ಕಾಟದಲ್ಲಿ ಪಿನ್‌ಗಳು ಹೊಸ ಜಾಗದಲ್ಲಿ ತಾಗುತ್ತವೆ. ಉಸಿರಿನ ತೇವ ಮಾತ್ರ ಲೋಹದ ಮೇಲೆ ಉಳಿದು ಕಿಲುಬು ಹಿಡಿಸುತ್ತದೆ. ಊದಬೇಡಿ ಎಂದು ನಿಂಟೆಂಡೊ ಕೂಡ ಎಚ್ಚರಿಸಿತ್ತು.

ಸರಿಯಾದ ಮದ್ದು ಐಸೋಪ್ರೊಪೈಲ್ ಆಲ್ಕೋಹಾಲ್. ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಕಾರ್ಟ್ರಿಜ್‌ನ ಅಂಚಿನ ಲೋಹದ ಪಟ್ಟಿಗಳನ್ನು ಎರಡೂ ಬದಿ ಉಜ್ಜಿದರೆ ಹತ್ತಿ ಕಪ್ಪಾಗುತ್ತದೆ. ಕಪ್ಪು ಬರುವುದು ನಿಲ್ಲುವವರೆಗೆ ಹೊಸ ಕಡ್ಡಿಯಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಉಪ್ಪುಕಾಗದ ಬಳಸಿದರೆ ಮೇಲಿನ ಲೇಪನ ಸವೆದು ತೊಂದರೆ ಹೆಚ್ಚುತ್ತದೆ. ಹಲವು ಕಾರ್ಟ್ರಿಜ್ ಶುಚಿ ಮಾಡಿ ನೋಡಿದರೂ ಎಲ್ಲವೂ ಮಿನುಗಿದರೆ ದೋಷ ಕನ್ಸೋಲ್‌ನ ಕನೆಕ್ಟರ್‌ನದು. ಅದನ್ನು ಬಿಚ್ಚಿ ಶುಚಿ ಮಾಡಬಹುದು, ಇಲ್ಲವೇ ಬದಲಿಸಬಹುದು. ಬೆಸುಗೆಯ ಕೆಲಸವಿಲ್ಲ, ಅದು ಬೋರ್ಡಿನ ಅಂಚಿಗೆ ಸಿಕ್ಕಿಸಿದ್ದಷ್ಟೇ.

ಪರದೆಯನ್ನು ಓದಲು ಬಂದರೆ ಅರ್ಧ ರಿಪೇರಿ ಆದಂತೆ. ಎನ್‌ಇಎಸ್ ಕಾರ್ಟ್ರಿಜ್‌ನಲ್ಲಿ ಆಟದ ಪ್ರೋಗ್ರಾಂಗೆ ಒಂದು ಮೆಮೊರಿ, ಚಿತ್ರಗಳಿಗೆ ಇನ್ನೊಂದು ಮೆಮೊರಿ ಇರುತ್ತದೆ. ಅವುಗಳ ಪಿನ್‌ಗಳೂ ಬೇರೆ ಬೇರೆ. ಸಂಗೀತ ಸರಿಯಾಗಿ ಕೇಳಿಸಿ, ಚಿತ್ರಗಳು ಮಾತ್ರ ಚೂರುಚೂರಾಗಿ ಕಂಡರೆ ಪ್ರೋಗ್ರಾಂ ಓಡುತ್ತಿದೆ, ಚಿತ್ರದ ಪಿನ್‌ಗಳು ತಾಗುತ್ತಿಲ್ಲ ಎಂದರ್ಥ. ಮಿನುಗದೆ ಒಂದೇ ಬಣ್ಣ ನಿಂತರೆ ಕಾವಲು ಚಿಪ್ ಒಪ್ಪಿದೆ, ಪ್ರೋಗ್ರಾಂ ಓಡುತ್ತಿಲ್ಲ. ಅಲ್ಲೂ ಮೊದಲ ಅನುಮಾನ ಪಿನ್‌ಗಳ ಮೇಲೆಯೇ.

ದೀಪವೇ ಹತ್ತದಿದ್ದರೆ ಅಡಾಪ್ಟರ್ ನೋಡಬೇಕು. ಅಮೆರಿಕದ ಎನ್‌ಇಎಸ್ ಅಡಾಪ್ಟರ್ 120 ವೋಲ್ಟ್‌ಗೆ ಮಾಡಿದ್ದು. ಅದನ್ನು ನಮ್ಮ 230 ವೋಲ್ಟ್ ಸಾಕೆಟ್ಟಿಗೆ ನೇರ ಚುಚ್ಚಿದರೆ ಸುಡುತ್ತದೆ. ಅದು ಹೊರಗೆ ಕೊಡುವುದು 9 ವೋಲ್ಟ್ ಎಸಿ. ಕನ್ಸೋಲ್‌ನೊಳಗಿನ ಸರ್ಕ್ಯೂಟ್ ಅದನ್ನು ಡಿಸಿ ಮಾಡಿ 5 ವೋಲ್ಟ್‌ಗೆ ಇಳಿಸುತ್ತದೆ. ಫ್ಯಾಮಿಕಾಮ್‌ಗೆ ಬೇಕಾದದ್ದು ಡಿಸಿ, ಅದೂ ಪ್ಲಗ್ಗಿನ ನಡುವೆ ಮೈನಸ್. ಒಂದರ ಅಡಾಪ್ಟರ್ ಇನ್ನೊಂದಕ್ಕೆ ಹಾಕುವ ಮುನ್ನ ಮೇಲಿನ ಚೀಟಿ ಓದಲೇಬೇಕು.

1993ರಲ್ಲಿ ನಿಂಟೆಂಡೊ ಎನ್‌ಇಎಸ್‌ನ ಹೊಸ ಮಾದರಿ ತಂದಾಗ ಕಾರ್ಟ್ರಿಜ್ ಮತ್ತೆ ಮೇಲಿನಿಂದ ಇಳಿಯುವಂತೆ ಮಾಡಿತು, ಕಾವಲು ಚಿಪ್ಪನ್ನೂ ಕೈಬಿಟ್ಟಿತು. ಹಳೆಯ ಮಾದರಿ ಇಟ್ಟುಕೊಂಡವರು ಆ ಚಿಪ್‌ನ ನಾಲ್ಕನೇ ಪಿನ್ ಎತ್ತಿ ಮಿನುಗುವುದನ್ನು ನಿಲ್ಲಿಸುತ್ತಾರೆ. ಪಿನ್‌ಗಳು ಕೊಳೆಯಾಗಿದ್ದರೆ ಆಗಲೂ ಹತ್ತಿಕಡ್ಡಿ ಹಿಡಿಯಲೇಬೇಕು.