ದುಃಖಕ್ಕೂ ಒಂದು ಕಥೆ ಬೇಕು

ಮನೆಯಲ್ಲೊಬ್ಬರು ಕಠಿಣ ವ್ಯಾಧಿಗೆ ತುತ್ತಾದರೆ ನಾವು ಮೊದಲು ಮಾಡುವ ಕೆಲಸವೆಂದರೆ ಮಕ್ಕಳಿಂದ ಅದನ್ನು ಮುಚ್ಚಿಡುವುದು. ತಿಕೋಟಾ, ಬಬಲೇಶ್ವರಗಳಿಂದ ತಾಯಿಯನ್ನು ವಿಜಯಪುರದ ಆಸ್ಪತ್ರೆಗೆ ಕರೆದೊಯ್ಯುವಾಗ ಹದಿಮೂರರ ಮಗನಿಗೆ, "ಅವ್ವ ನಾಳೆ ಬರ್ತಾಳ" ಎಂದಷ್ಟೇ ಹೇಳುತ್ತೇವೆ. ಆ ವಯಸ್ಸಿನ ಮಗು ಎಲ್ಲವನ್ನೂ ಊಹಿಸಿರುತ್ತದೆ. ಕೇಳಲು ಮಾತ್ರ ಅಂಜುತ್ತದೆ.

ಈ ಅಂಜಿಕೆಯನ್ನೇ ವಸ್ತುವಾಗಿಸಿಕೊಂಡ ಇಂಗ್ಲಿಷ್ ಕಾದಂಬರಿ, ಪ್ಯಾಟ್ರಿಕ್ ನೆಸ್ ಅವರ 'ಎ ಮಾನ್‌ಸ್ಟರ್ ಕಾಲ್ಸ್', 2011ರಲ್ಲಿ ಪ್ರಕಟವಾಯಿತು. ಅದರ ಮೂಲ ಕಲ್ಪನೆ ಶಿವಾನ್ ಡೌಡ್ ಎಂಬ ಲೇಖಕಿಯದು. ಅವರು 2007ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡುದರಿಂದ ನೆಸ್ ಅದನ್ನು ಕೈಗೆತ್ತಿಕೊಂಡು ಬರೆದರು. ಕಥಾನಾಯಕ ಹದಿಮೂರರ ಕಾನರ್. ಅವನ ತಾಯಿಗೆ ಕ್ಯಾನ್ಸರ್. ಮನೆಯ ಹಿಂದಿನ ರುದ್ರಭೂಮಿಯ ಮುದಿಮರವು ದೈತ್ಯರೂಪ ತಾಳಿ ಬಂದು ಅವನಿಗೆ ಮೂರು ಕಥೆ ಹೇಳುತ್ತದೆ. ನಾಲ್ಕನೆಯದನ್ನು ಅವನೇ ಹೇಳಬೇಕೆನ್ನುತ್ತದೆ. ತಾಯಿ ಉಳಿಯಲೆಂಬ ಹಂಬಲದ ಜೊತೆಗೇ ಈ ಸಂಕಟ ಮುಗಿದರೆ ಸಾಕೆಂಬ ಆಸೆಯೂ ತನ್ನಲ್ಲಿದೆ ಎಂಬುದೇ ಅವನು ಬಚ್ಚಿಟ್ಟ ಸತ್ಯ. ಅದನ್ನು ನುಡಿದ ಬಳಿಕವೇ ಅವನು ತಾಯಿಯನ್ನು ಬೀಳ್ಕೊಡಲು ಶಕ್ತನಾಗುತ್ತಾನೆ. ಇಂಥ ಆಸೆ ಪಾಪವಲ್ಲ, ದಣಿದ ಪ್ರೀತಿಯ ನಿಟ್ಟುಸಿರು ಎಂದು ಮಕ್ಕಳಿಗೆ ಯಾರಾದರೂ ಹೇಳಬೇಕು.

ಶಂ. ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಮೊದಲಾದವರು ಮಕ್ಕಳಿಗಾಗಿ ಬರೆದ ಜಿಲ್ಲೆ ನಮ್ಮದು. ಹರೆಯಕ್ಕೆ ಕಾಲಿಟ್ಟವರ ದುಃಖಕ್ಕೂ ಇಲ್ಲಿಯ ಲೇಖಕರು ಕಥೆ ಕಟ್ಟಲಿ. ಶರಣರ ಗುಣವನ್ನು ಮರಣದಲ್ಲಿ ನೋಡೆಂಬ ಗಾದೆಯನ್ನು ಬಲ್ಲ ನಾವು ಮರಣದ ಮಾತಿಗೆ ಹೆದರಬೇಕಿಲ್ಲ. ತಾಯಿ-ತಂದೆಗಳು ಮಕ್ಕಳನ್ನು ಬಳಿ ಕೂಡ್ರಿಸಿಕೊಂಡು, "ನಿನ್ನ ಮನಸಿನ್ಯಾಗ ಏನೈತಿ, ಹೇಳವಾ, ಹೇಳಪಾ" ಎಂದು ಕೇಳಲಿ. ಕೇಳಿದ ಮೇಲೆ ಕೊನೆಯವರೆಗೂ ಆಲಿಸಲಿ.