ಭಾರತೀಯರ ಆಗಮನ ದಿನ (ಟ್ರಿನಿಡಾಡ್ ಮತ್ತು ಟೊಬೇಗೊ)

ಭಾರತೀಯರ ಆಗಮನ ದಿನ (ಇಂಡಿಯನ್ ಅರೈವಲ್ ಡೇ) ಕೆರಿಬಿಯನ್ ದ್ವೀಪರಾಷ್ಟ್ರವಾದ ಟ್ರಿನಿಡಾಡ್ ಮತ್ತು ಟೊಬೇಗೊದಲ್ಲಿ ಪ್ರತಿವರ್ಷ ಮೇ 30ರಂದು ಆಚರಿಸಲಾಗುವ ಸಾರ್ವಜನಿಕ ರಜಾದಿನ. 1845ರ ಇದೇ ದಿನ 'ಫತೇಲ್ ರಜಾಕ್' ಎಂಬ ಹಡಗು ಭಾರತದ ಮೊದಲ ಕರಾರು ಕೂಲಿಗಳನ್ನು ಈ ದ್ವೀಪಕ್ಕೆ ತಂದಿತು.

ಹಿನ್ನೆಲೆ

ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ 1834ರಲ್ಲಿ ರದ್ದಾಯಿತು. ಆನಂತರ ನಿಗದಿಯಾಗಿದ್ದ ಕಡ್ಡಾಯ ದುಡಿಮೆಯ ಅವಧಿಯೂ 1838ರಲ್ಲಿ ಕೊನೆಗೊಂಡಾಗ ಬಿಡುಗಡೆ ಹೊಂದಿದ ಆಫ್ರಿಕನ್ನರಲ್ಲಿ ಅನೇಕರು ಕಬ್ಬಿನ ತೋಟಗಳನ್ನು ತೊರೆದರು. ತೋಟದ ಮಾಲೀಕರು ಅಗ್ಗದ ಆಳುಗಳಿಗಾಗಿ ಭಾರತದತ್ತ ನೋಡಿದರು. ಫತೇಲ್ ರಜಾಕ್ 1845ರ ಫೆಬ್ರವರಿ 16ರಂದು ಕಲ್ಕತ್ತೆಯಿಂದ ಹೊರಟು, 103 ದಿನಗಳ ನಂತರ ಸುಮಾರು 225 ಮಂದಿಯೊಡನೆ ಟ್ರಿನಿಡಾಡ್ ತಲುಪಿತು. 1917ರವರೆಗೆ ಹೀಗೆ ಬಂದವರ ಸಂಖ್ಯೆ 1,40,000ಕ್ಕೂ ಹೆಚ್ಚು. ಬಹುಪಾಲು ಜನ ಇಂದಿನ ಉತ್ತರ ಪ್ರದೇಶ ಮತ್ತು ಬಿಹಾರದ ಭೋಜ್‌ಪುರಿ ಸೀಮೆಯವರು; ಮದರಾಸು ಬಂದರಿನಿಂದ ಹೋದವರು ಕಡಿಮೆ.

ಕರಾರಿನ ಅವಧಿ ಐದು ವರ್ಷ. ಅನುಮತಿ ಚೀಟಿಯಿಲ್ಲದೆ ತೋಟದ ಎಲ್ಲೆ ದಾಟಿದವರಿಗೆ ದಂಡ ಅಥವಾ ಸೆರೆವಾಸ ಕಾದಿರುತ್ತಿತ್ತು. ಇದನ್ನು ಕೇವಲ ವಲಸೆಯೆಂದು ಕರೆಯುವುದು ಸಾಲದು. ಈ ಪದ್ಧತಿಯ ವಿರುದ್ಧ ಗೋಪಾಲಕೃಷ್ಣ ಗೋಖಲೆಯವರು 1912ರಲ್ಲಿ ಭಾರತದ ಇಂಪೀರಿಯಲ್ ಲೆಜಿಸ್ಲೇಟಿವ್ ಕೌನ್ಸಿಲ್‌ನಲ್ಲಿ ನಿರ್ಣಯ ಮಂಡಿಸಿದ್ದರು. ಒಂದೇ ಹಡಗಿನಲ್ಲಿ ಬಂದವರು ಜಾತಿ-ಮತಗಳ ಭೇದ ಮರೆತು ಪರಸ್ಪರ 'ಜಹಾಜಿ ಭಾಯಿ' ಎಂದು ಕರೆದುಕೊಂಡರು; ಈ ನಂಟನ್ನು ರಕ್ತಸಂಬಂಧದಂತೆಯೇ ಪಾಲಿಸುತ್ತಿದ್ದರು.

ಗುಮಾಸ್ತರು ಕಿವಿಗೆ ಬಿದ್ದಂತೆ ಹೆಸರುಗಳನ್ನು ಬರೆದುಕೊಂಡುದರಿಂದ 'ಪ್ರಸಾದ್' ಎಂಬುದು 'ಪರ್ಸಾದ್' ಆಯಿತು; ಅಜ್ಜನ ಅಂಕಿತನಾಮವೇ ಮೊಮ್ಮಕ್ಕಳ ಕುಲನಾಮವಾಯಿತು. ಪೂರ್ವಿಕರ ಊರನ್ನು ಹುಡುಕುವ ಇಂದಿನ ಪೀಳಿಗೆಗೆ ಇದೇ ದೊಡ್ಡ ತೊಡಕು.

ಆಚರಣೆ

ಆಗಮನದ ಶತಮಾನೋತ್ಸವ 1945ರಲ್ಲಿ ಸ್ಯಾನ್ ಫರ್ನಾಂಡೊ ನಗರದಲ್ಲಿ ನಡೆಯಿತು. ಈಗ ಕಡಲತೀರಗಳಲ್ಲಿ ಹಡಗಿನಿಂದ ಇಳಿಯುವ ದೃಶ್ಯವನ್ನು ಅಭಿನಯಿಸುವುದು ದಿನದ ವಿಶೇಷ. ಮೆರವಣಿಗೆಯಲ್ಲಿ ಮೊಳಗುವ 'ತಾಸಾ' ವಾದ್ಯವನ್ನು ಅಲ್ಲಿನ ಮುಸ್ಲಿಮರು ಮೊಹರಂ ಸಂದರ್ಭದ 'ಹೊಸೇ' ಆಚರಣೆಯಲ್ಲಿಯೂ, ಹಿಂದೂಗಳು ಮದುವೆಗಳಲ್ಲಿಯೂ ಬಾರಿಸುತ್ತಾರೆ.

'ಚಟ್ನಿ' ಎಂಬ ಸಂಗೀತ ಪ್ರಕಾರವೂ ಇಲ್ಲಿಯ ಆಕರ್ಷಣೆ. ಹೆಸರು ನಮ್ಮ ಊಟದೆಲೆಯ ಚಟ್ನಿಯದೇ. ಮದುವೆಯ ಮನೆಗಳಲ್ಲಿ ಹೆಂಗಸರು ಹಾಡುತ್ತಿದ್ದ ಭೋಜ್‌ಪುರಿ ಹಾಡುಗಳು ಇದರ ಮೂಲ. ಸುಂದರ್ ಪೋಪೋ ಇದನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ಭೋಜ್‌ಪುರಿಯು ಮನೆಮಾತಾಗಿ ಬಹುತೇಕ ಅಳಿದಿದ್ದು, ಎಳೆಯ ಗಾಯಕರಲ್ಲಿ ಹಲವರಿಗೆ ತಾವು ಹಾಡುವ ಪದಗಳ ಅರ್ಥ ತಿಳಿಯದು. ಆದರೂ ಭಾಷೆ ಹೋದಲ್ಲಿ ಹಾಡು ಉಳಿದಿರುವುದು ಸಣ್ಣ ಸಂಗತಿಯಲ್ಲ.

ಹೆಸರಿನ ಚರ್ಚೆ

ಸರ್ಕಾರವು 1994ರಲ್ಲಿ ಈ ರಜೆಯನ್ನು 'ಆಗಮನ ದಿನ' ಎಂದಷ್ಟೇ ಘೋಷಿಸಿತು. ಚೀನಾ ಮತ್ತು ಪೋರ್ಚುಗಲ್‌ನ ಮಡೀರಾದಿಂದಲೂ ಜನ ಬಂದಿದ್ದರಾದ್ದರಿಂದ ಒಂದೇ ಸಮುದಾಯದ ಹೆಸರು ಬೇಡವೆಂಬ ವಾದವಿತ್ತು. ದಿನಾಂಕವೇ ಭಾರತೀಯರ ಹಡಗಿನದಾಗಿರುವಾಗ ಹೆಸರನ್ನು ಮರೆಮಾಚುವುದು ಸಲ್ಲದೆಂಬುದು ಭಾರತೀಯ ಸಂಘಟನೆಗಳ ನಿಲುವು. ಈ ವಾದವೇ ಹೆಚ್ಚು ಸಮಂಜಸ. 150ನೆಯ ವರ್ಷವಾದ 1995ರಲ್ಲಿ ಇಂದಿನ ಹೆಸರು ಬಂದಿತು.

ಕೂಲಿಗಳ ಆಗಮನವನ್ನು ಗಯಾನಾ ಮೇ 5ರಂದು, ಸುರಿನಾಮ್ ಜೂನ್ 5ರಂದು ಹಾಗೂ ಮಾರಿಷಸ್ ನವೆಂಬರ್ 2ರಂದು ಸ್ಮರಿಸುತ್ತವೆ.